ಕೂಡುಕುಟುಂಬಕ್ಕೊಂದು ಬಾಗಿಲು

ಬೆಳಗಿನ ಎರಡನೆಯ ಆರ್ಡರೂ ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸ್ ಹೋಯಿತು. ಮಾಲೀಕರು ಪ್ರೋಗ್ರಾಮರ್ ಹುಡುಗಿಯ ಕುರ್ಚಿಯ ಹಿಂದೆ ನಿಂತು ಪರದೆಯ ಮೇಲಿನ ಕೆಂಪು ಗೆರೆಯನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಮುಚ್ಚಳ ಕೊಳ್ಳೋ ಅಂಗಡಿಯವರ ಆ್ಯಪ್ ಕೇಳಿದ ತಕ್ಷಣ ನಮ್ಮದು ಬಿಲ್ ಕೊಡಬೇಕಮ್ಮ. ಇವರೂ ಕೈಬಿಟ್ಟರೆ ನಾನು ಗೇಟಿಗೆ ಬೀಗ ಹಾಕೋದೇ," ಎಂದು ಸಮಾಧಾನವಾಗಿಯೇ ಹೇಳಿ ಹೋದರು.

ಅದು ತಗಡಿನ ಡಬ್ಬಿಗಳಿಗೆ ಮುಚ್ಚಳ ಮಾಡುವ ಕಾರ್ಖಾನೆ. ಅದರ ಲೆಕ್ಕವನ್ನೆಲ್ಲ ನೋಡಿಕೊಳ್ಳುತ್ತಿದ್ದ ಸಾಫ್ಟ್‌ವೇರ್ ಯಾರೋ ದೂರದ ಪುಣ್ಯಾತ್ಮರು ಬರೆದು, ಯಾರು ಬೇಕಾದರೂ ಬಿಚ್ಚಿ ತಿದ್ದಿಕೊಳ್ಳಿ ಎಂದು ಪುಕ್ಕಟೆಯಾಗಿ ಲೋಕಕ್ಕೆ ಬಿಟ್ಟುಕೊಟ್ಟದ್ದು. ದಾಸ್ತಾನು, ಬಿಲ್, ಹಾಜರಿ, ಯಂತ್ರಗಳ ತಪಾಸಣೆ ಎಲ್ಲವೂ ಅದರೊಳಗೆ ಒಂದೇ ಒಲೆಯ ಮೇಲೆ ಬೇಯುತ್ತಿದ್ದವು. ಒಬ್ಬರನ್ನು ಮುಟ್ಟಿದರೆ ಇನ್ನೊಬ್ಬರಿಗೆ ಮುನಿಸು. ಹಾಗಾಗಿ ಕಾರ್ಖಾನೆಯಲ್ಲಿ ಅದಕ್ಕೆ ಕೂಡುಕುಟುಂಬ ಎಂದೇ ಹೆಸರು. ಹೊರಗಿನ ಆ್ಯಪ್‌ಗಳು ಬಂದು ಮಾತಾಡಲು ಅದಕ್ಕೊಂದು ಬಾಗಿಲು ಕೊರೆಯುವ ಕೆಲಸ ಹುಡುಗಿಯ ಪಾಲಿಗೆ ಬಂದಿತ್ತು. ತಿಂಗಳುಗಟ್ಟಲೆ ಹೆಣಗಿ ಕೊರೆದಳು. ಬಾಗಿಲೇನೋ ಚೆನ್ನಾಗಿಯೇ ಇತ್ತು. ಒಳಗೆ ಹಳೆಯದೊಂದು ಗಂಟಿತ್ತು, ಅದೇ ತೊಂದರೆ.

ಗಂಟು ಹಾಕಿದವನು ಅವಳ ಸೋದರಮಾವ. ಕೂಡುಕುಟುಂಬವನ್ನು ಈ ಕಾರ್ಖಾನೆಗೆ ತಂದವನೇ ಅವನು, ಈಗಲೂ ಪಕ್ಕದ ಮೇಜಿನಲ್ಲೇ ಕೂರುತ್ತಿದ್ದ. ಹುಡುಗಿಯ ಅಮ್ಮ ಹಿಂದೆ ಇಲ್ಲಿಯೇ ಪ್ರೆಸ್ಸಿನ ಮುಂದೆ ಕೂತು ಮುಚ್ಚಳ ಒತ್ತುತ್ತಿದ್ದಳು. ಕೈಗೆ ಅಡ್ಡ ಇರುವ ಕಬ್ಬಿಣದ ಜಾಲರಿಯನ್ನು ತೆಗೆದಿಟ್ಟರೆ ಕೆಲಸ ಬೇಗ ಸಾಗುತ್ತದೆ. ಹಾಗೆ ತೆಗೆದಿಟ್ಟಿದ್ದ ಒಂದು ದಿನ ಅವಳ ಬಲಗೈಯ ಮೂರು ಬೆರಳು ಹೋದವು. ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಮಾವ ಯಾರೊಂದಿಗೂ ಜಗಳಕ್ಕೆ ಹೋಗಲಿಲ್ಲ. ಕೂಡುಕುಟುಂಬದ ಹೊಟ್ಟೆ ಬಿಚ್ಚಿ, ಬಿಲ್ಲನ್ನು ತಂದು ಜಾಲರಿಗೆ ಕಟ್ಟಿಬಿಟ್ಟ. ಬಿಲ್ ಕೇಳಿದಾಗಲೆಲ್ಲ ಪ್ಯಾಕಿಂಗಿನಲ್ಲಿ ಬೆಲ್ ಹೊಡೆಯಬೇಕು, ಅಲ್ಲಿಂದ ಒಬ್ಬರು ಎದ್ದು ಬಂದು ಜಾಲರಿ ಇದೆಯೇ ಎಂದು ಕಣ್ಣಾರೆ ನೋಡಿ ಗುಂಡಿ ಒತ್ತಬೇಕು, ಆಮೇಲೆಯೇ ಬಿಲ್. ಎದ್ದು ಬರುತ್ತಿದ್ದವಳು ಅಮ್ಮ. ಈಗ ಪ್ರೆಸ್ಸಿನಲ್ಲಿರುವವನಿಗೆ ಗಡಿಬಿಡಿ ಎಂದೇ ಅಡ್ಡಹೆಸರು. ಹೊತ್ತಿಗೊಮ್ಮೆ ತೆಗೆದು ಹಾಕುವ ರಗಳೆಯೇ ಬೇಡವೆಂದು ಅವನು ಕೂಡ ಜಾಲರಿಯನ್ನು ತೆಗೆಯುವುದನ್ನೇ ಬಿಟ್ಟಿದ್ದ.

ಹಿಂದೆ ಬಿಲ್ಲಿಗಾಗಿ ಲಾರಿಯವನು ಕಾಯುತ್ತಿದ್ದ, ಆ್ಯಪ್ ಕಾಯುವುದಿಲ್ಲ. ಅಮ್ಮ ಸ್ಟೂಲಿನಿಂದ ಎದ್ದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಆರ್ಡರ್ ಬೇರೆ ಕಾರ್ಖಾನೆಯ ಪಾಲಾಗಿರುತ್ತಿತ್ತು. ಹುಡುಗಿ ಸುಮ್ಮನೆ ಕೂರಲಿಲ್ಲ. 'ಸ್ವಲ್ಪ ತಾಳಿ' ಎಂದು ಉತ್ತರ ಕೊಡುವ ಹಾಗೆ ಬಾಗಿಲನ್ನು ತಿದ್ದಿದಳು. ನಮ್ಮದಕ್ಕೆ ಹೌದು, ಇಲ್ಲ ಎರಡೇ ಗೊತ್ತು ಎಂದು ಅಂಗಡಿಯವರು ಫೋನಿನಲ್ಲಿ ಹೇಳಿದರು. ತಪಾಸಣೆ ಬೇರೆಯಾಗಿಯೇ ಇರಲಿ, ನೋಡದಿದ್ದರೆ ಪರದೆಯ ಮೇಲೆ ಕೆಂಪು ತೋರಿಸಲಿ ಎಂದು ಮಾಲೀಕರನ್ನು ಕೇಳಿದಳು. ಧಾರಾಳವಾಗಿ ತೋರಿಸಲಿ, ಬಿಲ್ಲಿಗೆ ಅಡ್ಡ ಬರದಿದ್ದರೆ ಸಾಕು ಎಂದರು ಅವರು. ಯಾರಿಗೂ ಅಡ್ಡ ಬರದ ಕೆಂಪನ್ನು ಯಾರು ನೋಡುತ್ತಾರೆ?

"ಬೇರೆ ದಾರಿ ಇಲ್ವಾ ಮಾವ?"

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಇದ್ದಿದ್ರೆ ಬಿಲ್ಲಿಗೆ ಯಾಕೆ ಕಟ್ತಿದ್ದೆ ಪುಟ್ಟಿ? ಕೈ ಹೋದ್ರೆ ಇಲ್ಲಿ ಒಬ್ರೂ ತಿರುಗಿ ನೋಡಲ್ಲ. ಬಿಲ್ ನಿಂತ್ರೆ ಎಲ್ರೂ ಓಡಿ ಬರ್ತಾರೆ." ಕನ್ನಡಕ ಮತ್ತೆ ಹಾಕಿಕೊಂಡು, "ತೆಗಿ. ಗೇಟು ಮುಚ್ಚಿದ್ರೆ ಅಕ್ಕನಿಗೂ ಕೆಲಸ ಇರಲ್ಲ. ನನ್ನ ಕೈಲಿ ಮಾತ್ರ ತೆಗೆಸಬೇಡ," ಎಂದ.

ತೆಗೆದಳು. ಅಷ್ಟು ವರ್ಷ ಗಟ್ಟಿಯಾಗಿ ಕೂತಿದ್ದ ಗಂಟು ಎಂಥದೋ ಇರಬಹುದು ಎಂದುಕೊಂಡಿದ್ದಳು, ನೋಡಿದರೆ ನಾಲ್ಕಾರು ಸಾಲು. ಮಧ್ಯಾಹ್ನ ಆರ್ಡರ್ ಬಂತು, ಕಣ್ಣು ಮಿಟುಕಿಸುವುದರೊಳಗೆ ಬಿಲ್ ಹೋಯಿತು. ಹಿಂದೆಯೇ ಇನ್ನೊಂದು. ಮಾಲೀಕರು ಎಲ್ಲರಿಗೂ ಕಾಫಿ ತರಿಸಿದರು. ಹುಡುಗಿಗೆ ಅಳು ಬರುತ್ತಿತ್ತು, ಆದರೂ ಲೋಟ ಖಾಲಿ ಮಾಡಿದಳು. ಮಾವ ತನ್ನ ಲೋಟವನ್ನು ಮುಟ್ಟಲೇ ಇಲ್ಲ.

ಪ್ಯಾಕಿಂಗಿನಲ್ಲಿ ಬೆಲ್ ಹೊಡೆಯುವುದು ನಿಂತುಹೋಯಿತು. ಅಮ್ಮ ಒಂದೆರಡು ದಿನ ಬೆಲ್ ಕೆಟ್ಟಿದೆ ಎಂದುಕೊಂಡಳು. ಮಗಳು ಮನೆಯಲ್ಲಿ ತಲೆ ತಗ್ಗಿಸಿ ಎಲ್ಲ ಹೇಳಿದ ಮೇಲೆ, "ಹಾಗಾದ್ರೆ ನಾನೇ ಆಗಾಗ ಹೋಗಿ ನೋಡಿದ್ರಾಯ್ತು ಬಿಡು," ಎಂದಳು. ಆದರೆ ಈಗ ಆರ್ಡರ್‌ಗಳು ಬಂದು ಸುರಿಯುತ್ತಿದ್ದವು. ರಾಶಿ ಬಿದ್ದ ಮುಚ್ಚಳಗಳ ನಡುವಿನಿಂದ ಏಳಲು ಅವಳಿಗೆ ಪುರುಸೊತ್ತೇ ಇರುತ್ತಿರಲಿಲ್ಲ.

ಒಂದು ದಿನ ಊಟದ ಬಿಡುವು ಮುಗಿಯುವ ಮೊದಲೇ ಎದ್ದು, ಮಗಳನ್ನೂ ಕರೆದುಕೊಂಡು ಪ್ರೆಸ್ಸಿನ ಕೋಣೆಗೆ ಹೋದಳು. ಜಾಲರಿ ಗೋಡೆಯ ಮೊಳೆಯಲ್ಲಿತ್ತು. ಅದರ ಮೇಲೆ ಗಡಿಬಿಡಿಯ ಒದ್ದೆ ಟವೆಲ್ ಒಣಗುತ್ತಿತ್ತು. ಮೂಲೆಯ ಪರದೆಯ ಮೇಲೆ ಕೆಂಪು ದೀಪ ತನ್ನ ಪಾಡಿಗೆ ತಾನು ಉರಿಯುತ್ತಿತ್ತು. ಅಮ್ಮ ಟವೆಲನ್ನು ಹೆಗಲಿಗೆ ಹಾಕಿಕೊಂಡು ಜಾಲರಿಗೆ ಕೈಯಿಟ್ಟಳು. ಅವಳೊಬ್ಬಳಿಂದ ಆಗಲಿಲ್ಲ.

"ಪುಟ್ಟಿ, ಆ ಕಡೆ ಹಿಡಿ."

ಇಬ್ಬರೂ ಸೇರಿ ಇಳಿಸಿ ಪ್ರೆಸ್ಸಿಗೆ ಸಿಕ್ಕಿಸಿದರು. ಗಡಿಬಿಡಿ ಊಟ ಮುಗಿಸಿ ಬಂದವನು ನಾಚಿಕೊಂಡು ಪಕ್ಕಕ್ಕೆ ನಿಂತ. "ತಪ್ಪಾಯ್ತಕ್ಕ, ಇನ್ಮೇಲೆ ತೆಗೆಯಲ್ಲ," ಎಂದ. ನಿಜವಾದ ಮನಸ್ಸಿನಿಂದಲೇ ಹೇಳಿದ, ಪಾಪ.

ತಾಯಿ ಮಗಳು ಹೊರಟರು. ಹಿಂದೆ ಪ್ರೆಸ್ ಶುರುವಾಯಿತು. ಜಾಲರಿ ಇದ್ದಾಗ ಅದು ಒಂದು ಏಟು ಹೊಡೆದು, ಉಸಿರು ತೆಗೆದುಕೊಂಡು, ಇನ್ನೊಂದು ಏಟು ಹೊಡೆಯುತ್ತದೆ. ಪ್ಯಾಕಿಂಗಿನ ಬಾಗಿಲು ಮುಟ್ಟುವವರೆಗೂ ಹಾಗೆಯೇ ಕೇಳಿಸಿತು. ಆಮೇಲೆ ನಿಂತಿತು. ಕಬ್ಬಿಣ ಗೋಡೆಗೆ ತಾಗಿದ ಸದ್ದಾಯಿತು. ಮತ್ತೆ ಶುರುವಾದಾಗ ಏಟುಗಳ ನಡುವೆ ಬಿಡುವಿರಲಿಲ್ಲ.

ಮಗಳು ತಿರುಗಿ ನೋಡಿದಳು. ಅಮ್ಮ ನೋಡಲಿಲ್ಲ. ಟವೆಲ್ ಇನ್ನೂ ಅವಳ ಹೆಗಲ ಮೇಲೆಯೇ ಇತ್ತು. ಅದನ್ನು ತೆಗೆದು, ಉಳಿದ ಎರಡು ಬೆರಳಲ್ಲಿ ಅಂಚಿಗೆ ಅಂಚು ಕೂಡಿಸುತ್ತ ಮಡಚತೊಡಗಿದಳು.