ಬಾಡಿಗೆ ಚಂದ್ರಿಕೆಯ ಸಾಕ್ಷಿ

ನಾನೊಂದು ಚಂದ್ರಿಕೆ. ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ. ಆಳೆತ್ತರ ಇದ್ದೇನೆ, ಮೈತುಂಬ ಸುರುಳಿಯಾಗಿ ಕೂರಿಸಿದ ಬಿದಿರಿನ ಪಟ್ಟಿ. ಚಿಂತಾಮಣಿ ಕಡೆಯ ಮೇದರ ಕೆಂಚಮ್ಮ ನನ್ನನ್ನು ಹೆಣೆದಳು. ಸೀಳು ಚುಚ್ಚಿ ಬೆರಳಲ್ಲಿ ರಕ್ತ ಬಂದರೆ ಸೆರಗಿಗೆ ಒರೆಸಿಕೊಂಡು ಮುಂದಿನ ಪಟ್ಟಿ ಎತ್ತಿಕೊಳ್ಳುತ್ತಿದ್ದಳು.

ಕೊಂಡವನು ದ್ಯಾವಣ್ಣ. ಅವನು ಹುಳ ಸಾಕುವವನಲ್ಲ, ಚಂದ್ರಿಕೆ ಬಾಡಿಗೆಗೆ ಕೊಡುವವನು. ಹಾಗಾಗಿ ನನಗೆ ಸ್ವಂತ ಮನೆ ಅಂತ ಇರಲಿಲ್ಲ. ಹುಳ ಮೇವು ಬಿಟ್ಟು, ಗೂಡು ಕಟ್ಟಲು ಸಿದ್ಧವಾಗಿ ಹಣ್ಣಾಗುವ ಹೊತ್ತಿಗೆ ಟೆಂಪೋ ಹತ್ತಿ ಹೋಗುವುದು, ಗೂಡು ಬಿಡಿಸಿದ ಮೇಲೆ ವಾಪಸ್ಸು. ಹವಾ ಚೆನ್ನಾಗಿದ್ದರೆ ಚಪ್ಪರದ ಕೆಳಗೆ ಗಾಳಿಗೆ ಒರಗಿಸುತ್ತಿದ್ದರು. ಹುಳ ನನ್ನ ಪಟ್ಟಿಯನ್ನು ಬಿಗಿಯಾಗಿ ಹಿಡಿದು, ತಲೆ ಆಡಿಸುತ್ತ ನೂಲು ಬಿಡುತ್ತಿತ್ತು. ಕಾಲಿನ ಆ ಹಿಡಿತದಲ್ಲೇ ಹುಳ ಗಟ್ಟಿಯೋ ಸೊರಗಿದ್ದೋ ನನಗೆ ತಿಳಿಯುತ್ತಿತ್ತು. ಮನುಷ್ಯರಿಗೆ ಹೇಳಲು ಬಾಯಿರಲಿಲ್ಲ, ಅಷ್ಟೆ.

ಒಂದು ವರ್ಷ ಪಿಳ್ಳಮ್ಮನ ಮನೆಗೆ ಹೋದೆ. ಪಿಳ್ಳಮ್ಮ, ಮಗ ಮುನಿಕೃಷ್ಣ, ಸೊಸೆ ನಾಗವೇಣಿ, ಆಗಷ್ಟೇ ನಡೆಯಲು ಕಲಿತಿದ್ದ ಮೊಮ್ಮಗಳು ಹಂಸ. ಮನುಷ್ಯರಿಗೂ ಹುಳಕ್ಕೂ ಒಂದೇ ಸೂರು, ನಡುವೆ ಒಂದು ಗೋಡೆ. ಹುಳ ಇರುವಷ್ಟು ದಿನ ಅಲ್ಲಿ ಬೀಡಿ ಇಲ್ಲ, ಊದುಬತ್ತಿ ಇಲ್ಲ, ಸೊಳ್ಳೆಬತ್ತಿಯಂತೂ ಮುಟ್ಟುವಂತಿಲ್ಲ. ಆ ಹೊಗೆಗೆ ಹುಳ ಸಾಯುತ್ತದೆ.

ಚಳಿ ಕೂತು ಆಕಾಶ ಒಣಗಬೇಕಾದ ಕಾಲದಲ್ಲಿ ಆ ಸಲ ಜಡಿಮಳೆ ಹಿಡಿಯಿತು. ಹಿಪ್ಪುನೇರಳೆ ಸೊಪ್ಪೆಲ್ಲ ನೀರು. ಮುನಿಕೃಷ್ಣ ತಂದದ್ದನ್ನು ನಾಗವೇಣಿ ತನ್ನ ಹಳೆ ಸೀರೆಗಳ ಮೇಲೆ ಹರಡಿ ಆರಿಸಲು ನೋಡಿದಳು. ಬಿಸಿಲಿಲ್ಲ, ಕರೆಂಟಿಲ್ಲ, ಫ್ಯಾನಿಲ್ಲ. ಸೊಪ್ಪು ಆರಲಿಲ್ಲ. ಹಸಿದು ಸಾಯುವುದಕ್ಕಿಂತ ತಿಂದಾದರೂ ಇರಲಿ, ಹಾಕಿ ಎಂದಳು ಪಿಳ್ಳಮ್ಮ. ಹಾಕಿದರು. ಬೇರೆ ದಾರಿ ಯಾರಿಗೂ ಇರಲಿಲ್ಲ.

ನಾನು ಹೋದದ್ದು ಮಧ್ಯಾಹ್ನ. ಮಳೆಗೆ ಹೆದರಿ ನನ್ನನ್ನು ಒಳಗೇ, ಗಾಳಿಯಾಡದ ಮೂಲೆಯಲ್ಲಿ ನಿಲ್ಲಿಸಿ ಹಣ್ಣುಹುಳ ಬಿಟ್ಟರು. ಬಿಟ್ಟ ಗಳಿಗೆಯಲ್ಲೇ ನನಗೆ ಗೊತ್ತಾಯಿತು. ಹಿಡಿತವೇ ಇಲ್ಲ. ಮೈ ಮೆತ್ತಗೆ, ಬಾಯಲ್ಲಿ ಕಂದು ನೀರು. ಒದ್ದೆ ಸೊಪ್ಪು ಒಳಗೇ ಕೊಳೆತಿತ್ತು. ಆ ಮಬ್ಬಿನಲ್ಲಿ, ಆ ಅವಸರದಲ್ಲಿ ಯಾರೂ ನೋಡಲಿಲ್ಲ.

ಸಂಜೆ ಸೊಳ್ಳೆ ಮುತ್ತಿದವು. ಹಂಸಳ ಮುಖ, ರೆಪ್ಪೆ ಎಲ್ಲ ಕೆಂಪಗೆ ಊದಿತ್ತು. ನಾಗವೇಣಿ ಸೆರಗು ಬೀಸಿದಳು, ಬೇವಿನೆಣ್ಣೆ ಹಚ್ಚಿದಳು. ಮಗು ಅಳು ನಿಲ್ಲಿಸಲಿಲ್ಲ. ಕೊನೆಗೆ ಗೋಡೆಯಾಚೆ ಬಾಗಿಲು ಹಾಕಿಕೊಂಡು ಸೊಳ್ಳೆಬತ್ತಿಯ ಒಂದು ಚೂರು ಹಚ್ಚಿದಳು. ಮಗು ಮಲಗಿದ ಕೂಡಲೇ ನೀರಿಗೆ ಅದ್ದಿದಳು. ಆ ಹೊಗೆ ನನ್ನ ತನಕ ಬರಲೇ ಇಲ್ಲ.

ಬೆಳಗ್ಗೆ ಹುಳಗಳೆಲ್ಲ ಸತ್ತು ನನ್ನ ಮೈಮೇಲೆ ತಲೆಕೆಳಗಾಗಿ ಜೋತಿದ್ದವು. ಪಿಳ್ಳಮ್ಮ ಮೂಸಿ ನೋಡುತ್ತ ಆಚೆ ಕೋಣೆಗೆ ಹೋಗಿ, ನೆನೆದ ಬತ್ತಿಯ ತುಣುಕು ಹಿಡಿದು ಬಂದಳು.

"ಏನೇ ಇದು?"

"ಒಂದು ಚೂರು ಅತ್ತೆ. ಮಗೀನ ಮುಖ ನೋಡಿ ತಡಿಯಕ್ಕಾಗ್ಲಿಲ್ಲ."

"ನಾಕು ಸೊಳ್ಳೆ ಕಚ್ಚಿದ್ರೆ ಸತ್ತೋಗ್ತಿತ್ತಾ ನಿನ್ ಮಗು? ಮನೆಯೋರೆಲ್ಲರ ಅನ್ನಕ್ಕೆ ಬೆಂಕಿ ಇಕ್ಕಿದ್ಯಲ್ಲೇ."

ಮುನಿಕೃಷ್ಣ ಹುಳಗಳನ್ನು ಬುಟ್ಟಿಗೆ ಬಳಿದು ತಿಪ್ಪೆಗೆ ಹೊತ್ತನು. ಹೆಂಡತಿಯ ಕಡೆ ತಿರುಗಲಿಲ್ಲ.

ಅದೇ ಜಡಿಯಲ್ಲಿ ಪಕ್ಕದ ಊರುಗಳಲ್ಲೂ ಹುಳ ಹೀಗೇ ಸತ್ತವು. ದ್ಯಾವಣ್ಣನಲ್ಲಿಗೆ ವಾಪಸ್ಸು ಬಂದ ಮೇಲೆ ನನ್ನ ಜೊತೆಯ ಚಂದ್ರಿಕೆಗಳು ಹೇಳಿದವು. ಒಂದು ಮನೆಯಲ್ಲಿ ಅಗಸರವಳ ದೃಷ್ಟಿಯಂತೆ, ಇನ್ನೊಂದರಲ್ಲಿ ಮುಟ್ಟಾದ ಮಗಳು ಒಳಗೆ ಬಂದಳಂತೆ. ಮೋಡವನ್ನು ಬೈದರೆ ಅದು ತಲೆ ತಗ್ಗಿಸುವುದಿಲ್ಲ. ತಲೆ ತಗ್ಗಿಸಲು ಮನೆಯಲ್ಲಿ ಯಾರಾದರೂ ಬೇಕಲ್ಲ.

ಮುಂದಿನ ಚಳಿಗೆ ಮತ್ತೆ ಅದೇ ಮನೆಗೆ ಹೋದೆ. ಆ ಸಲ ಮಳೆ ಬೇಗ ನಿಂತು ಬಿಸಿಲು ಬಂತು. ಆದರೆ ನಿಂತ ನೀರಲ್ಲಿ ಸೊಳ್ಳೆ ತುಂಬಿತ್ತು. ನಾಗವೇಣಿ ಬತ್ತಿ ಮುಟ್ಟಲಿಲ್ಲ. ಹಂಸಳಿಗೆ ಜ್ವರ ಬಂದು ಮುನಿಕೃಷ್ಣ ಆಸ್ಪತ್ರೆಗೆ ಎತ್ತಿಕೊಂಡು ಹೋದ. ಗೂಡು ಬಿಡಿಸುವ ಕೈ ಬೇಕೆಂದು ನಾಗವೇಣಿಯನ್ನು ಮನೆಯಲ್ಲೇ ಉಳಿಸಿಕೊಂಡರು. ಗಟ್ಟಿ, ಹಳದಿ ಗೂಡು. ಪಿಳ್ಳಮ್ಮ ಒಂದನ್ನು ಕಿವಿಯ ಹತ್ತಿರ ಅಲುಗಿಸಿ ನಕ್ಕಳು.

"ನೋಡ್ದ್ಯಾ? ಬತ್ತಿ ಹಚ್ಲಿಲ್ಲ, ಗೂಡು ಹೆಂಗೆ ಕಟ್ಟೈತೆ."

"ಹೂಂ ಅತ್ತೆ," ಎಂದಳು ನಾಗವೇಣಿ. ಕಣ್ಣು ರಸ್ತೆಯ ಕಡೆಗಿತ್ತು. ತಪ್ಪು ತನ್ನದೇ ಎಂದು ಆಗ ಅವಳೂ ನಂಬಿದಳು. ಬಿಸಿಲು ಮಾಡಿದ ಕೆಲಸ ಅವಳ ಮೇಲೆ ರುಜುವಾತಾಗಿ ನಿಂತಿತು.

ಆಮೇಲೆ ಪ್ಲಾಸ್ಟಿಕ್ ಚಂದ್ರಿಕೆ ಬಂದವು. ದ್ಯಾವಣ್ಣ ನನ್ನನ್ನು ಆ ಮನೆಯಲ್ಲೇ ಬಿಟ್ಟ. ಈಗ ಕೋಳಿಗೂಡಿಗೆ ಗೋಡೆಯಾಗಿದ್ದೇನೆ. ಗೆದ್ದಲು ಒಂದು ಕಡೆಯಿಂದ ತಿನ್ನುತ್ತಿದೆ. ಸರದಿ ಬಂದಿದೆ, ದೂರಿಲ್ಲ.

ಹಂಸ ಬದುಕಿ ಬಂದಳು. ಈಗ ಹೈಸ್ಕೂಲು. ಮೊನ್ನೆ ಅವಳ ಗೆಳತಿ ಬಂದು ಅಂಗಳದಲ್ಲಿ ಕೂತು, ಸೊಳ್ಳೆ ಹೊಡೆದುಕೊಳ್ಳುತ್ತ, ಬತ್ತಿ ಹಚ್ಚಬಾರದೇನೇ ಎಂದಳು. ಹಂಸ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಬೇಡ ಕಣೇ. ನಮ್ಮಮ್ಮ ಒಂದ್ಸಲ ಬತ್ತಿ ಹಚ್ಚಿ ಹುಳದ ಬೆಳೆನೇ ಮುಗಿಸಿದ್ಲಂತೆ. ಅಷ್ಟೂ ಬುದ್ಧಿ ಇಲ್ಲ ನಮ್ಮಮ್ಮಂಗೆ."

ಕೋಳಿಗೆ ರಾಗಿ ಎರಚುತ್ತಿದ್ದ ನಾಗವೇಣಿ ತಾನೂ ನಕ್ಕಳು.