ಗಾಜಿನ ಹಿಂದೆ ಒಗೆಯುವ ಕಲ್ಲು

ಅಕ್ಟೋಬರ್ ರಜೆಯಲ್ಲಿ ಎಲ್ಲರೂ ಹಳೇ ರಾಜಧಾನಿ ಲುವೊಯಾಂಗ್ ನೋಡಿಬರೋಣ ಎಂದು ಮಗ ಜಿಯಾನ್‌ಷೆ ಹೇಳಿದಾಗ ಅಜ್ಜಿ ಒಂದೇ ಷರತ್ತು ಹಾಕಿದಳು.

"ಬುದ್ಧನ ಗುಹೆ ಎಷ್ಟ್ ಬೇಕಾದ್ರೂ ನೋಡ್ಕೊಳ್ಳಿ, ಹಳೇಪೇಟೇಲಿ ಎಷ್ಟ್ ಬೇಕಾದ್ರೂ ತಿನ್ನಿ. ನನ್ನನ್ನ ಮಾತ್ರ ನನ್ನ ಕಲ್ಲಿನ ಹತ್ರ ಕರ್ಕೊಂಡ್ ಹೋಗಿ."

ಕಲ್ಲು ಅಂದರೆ ಬಟ್ಟೆ ಒಗೆಯುವ ಕಲ್ಲು. ಅಜ್ಜಿಯ ಊರಿದ್ದದ್ದು ಲುವೊಯಾಂಗಿನ ಉತ್ತರಕ್ಕೆ, ಮಾಂಗ್‌ಶಾನ್ ಗುಡ್ಡದ ಮೇಲೆ. ಅಲ್ಲಿ ನೇಗಿಲು ಇಳಿಸಿದಲ್ಲೆಲ್ಲ ಯಾರದೋ ಸಮಾಧಿ ಸಿಗುತ್ತದೆ, ಸಮಾಧಿಯೊಳಗೆ ಸತ್ತವರ ಚರಿತ್ರೆ ಕೆತ್ತಿದ ಚೌಕದ ಕಲ್ಲು ಸಿಗುತ್ತದೆ. ಸಾವಿರದ ಮುನ್ನೂರು ವರ್ಷದ ಕಲ್ಲಾದರೇನು, ಮನೆಗೆ ಬಂದ ಮೇಲೆ ಕೆಲಸ ಮಾಡಲೇಬೇಕು. ಒಬ್ಬ ಮಂತ್ರಿಯ ಕಲ್ಲು ಹಂದಿಗೂಡಿನ ಹೊಸ್ತಿಲಾಗಿತ್ತು. ಒಬ್ಬ ಸೇನಾಪತಿಯ ಕಲ್ಲಿನ ಮೇಲೆ ಗಂಡಸರು ಚದುರಂಗದ ಮನೆ ಗೀಚಿಕೊಂಡಿದ್ದರು. ಅಜ್ಜಿಯ ಪಾಲಿಗೆ ಬಂದದ್ದರಲ್ಲಿ ಅಕ್ಷರಗಳು ಒತ್ತೊತ್ತಾಗಿ, ಆಳವಾಗಿದ್ದವು. ಕೊಳೆ ಚೆನ್ನಾಗಿ ಬಿಡುತ್ತಿತ್ತು. ಇಪ್ಪತ್ತೆರಡು ವರ್ಷ ಅದರ ಮೇಲೆ ಒಗೆದಳು. ಆಮೇಲೆ ಸರ್ಕಾರದವರು ಬಂದು, ಹೂವಿನ ಚಿತ್ರದ ಒಂದು ಬೇಸಿನ್ನನ್ನೂ ಮನೆ ಯಜಮಾನನ ಹೆಸರಿಗೆ ಒಂದು ಕೆಂಪು ಪ್ರಶಸ್ತಿಪತ್ರವನ್ನೂ ಕೊಟ್ಟು ಕಲ್ಲನ್ನು ಹೊತ್ತುಕೊಂಡು ಹೋದರು. ಬೇಸಿನ್ ಬಹಳ ದಿನ ಬಾಳಿತು.

ಈ ಸಲದ ಹೊಸವರ್ಷದ ಹಬ್ಬದ ದಿನ ಜಿಯಾನ್‌ಷೆ ಮೊಬೈಲಿನಲ್ಲಿ ಆ ಕಲ್ಲಿನ ಫೋಟೊ ಕಂಡು ಗಟ್ಟಿಯಾಗಿ ಓದಿದ್ದ. ಟಾಂಗ್ ದೊರೆಗಳ ಕಾಲದ್ದು. ಲೂ ಮನೆತನದ ಒಬ್ಬ ಹೆಂಗಸಿನದು. ಬಟ್ಟೆ ಒಗೆದು ಒಂದು ಭಾಗ ಸವೆದುಹೋಗಿದೆ. ಹೆಂಗಸಿನ ಹೆಸರು ತಿಳಿದಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಜ್ಜಿ ಕೈಯಲ್ಲಿದ್ದ ಕಡುಬನ್ನು ತಟ್ಟೆಗೆ ವಾಪಸ್ ಇಟ್ಟಳು.

ಅವತ್ತಿನಿಂದ ಅವಳಿಗೆ ನೆಮ್ಮದಿ ಇಲ್ಲ. ಸತ್ತವರಿಗೆ ಕಾಗದದ ಹಣ ಸುಡುವಾಗ ಹೆಸರು ಹಿಡಿದು ಕೂಗಬೇಕು, ಇಲ್ಲದಿದ್ದರೆ ಹಣ ಇನ್ಯಾರದೋ ಕೈಗೆ ಸೇರುತ್ತದೆ. ಹೆಸರನ್ನೇ ತಿಕ್ಕಿ ಅಳಿಸಿದ ಮೇಲೆ ಆ ಹೆಂಗಸಿಗೆ ಅಲ್ಲಿ ಊಟಕ್ಕೇನು ಗತಿ? ತನಗೋ ಎಪ್ಪತ್ತೊಂಬತ್ತು ತುಂಬಿತು. ಇವತ್ತೋ ನಾಳೆಯೋ ಅಲ್ಲಿಗೇ ಹೋಗಬೇಕು. ಬಾಗಿಲಲ್ಲೇ ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾಳೆ. ಏನಂತ ಉತ್ತರ ಕೊಡುವುದು? ಉಸಿರಿರುವಾಗಲೇ ಹೋಗಿ ತಪ್ಪಾಯಿತು ಅಂದುಬಿಟ್ಟರೆ ಒಳ್ಳೆಯದು ಎಂದು ಅಜ್ಜಿ ನಿರ್ಧರಿಸಿದ್ದಳು. ಮನೆಯವರಿಗೆ ಹೇಳಲಿಲ್ಲ. ಹೇಳಿದ್ದರೆ ಮತ್ತೆ ನಗುತ್ತಿದ್ದರು.

ಮೊದಲ ದಿನ ಗುಹೆಗಳು. ಬುದ್ಧರು ಸಾವಿರಗಟ್ಟಲೆ ಇದ್ದರು, ನೋಡಲು ಬಂದವರು ಅದಕ್ಕಿಂತ ಹೆಚ್ಚಿದ್ದರು. ಎರಡನೇ ದಿನ ಹಳೇಪೇಟೆಯಲ್ಲಿ ಸೊಸೆ ಯೂಚಿನ್ ಮತ್ತು ಹನ್ನೆರಡು ವರ್ಷದ ಮೊಮ್ಮಗಳು ಮಾನ್‌ಮಾನ್ ಬಾಡಿಗೆಗೆ ಟಾಂಗ್ ಕಾಲದ ಉಡುಪು ತೊಟ್ಟರು. ತಲೆಯ ಮೇಲೆ ಗೋಪುರದಂಥ ಕೃತಕ ತುರುಬು, ಹಣೆಯ ಮೇಲೆ ಕೆಂಪು ಹೂ. ಬೀದಿಯ ತುಂಬ ಇಂಥವರೇ. ಸಾವಿರದ ಮುನ್ನೂರು ವರ್ಷ ಹಿಂದಿನ ಹೆಂಗಸರು ಸಾಲಾಗಿ ನಿಂತು ಮಾಂಸದ ಸಾರಿಗೆ ಮೊಬೈಲಿನಲ್ಲಿ ದುಡ್ಡು ಕಟ್ಟುತ್ತಿದ್ದರು. ಅಜ್ಜಿ ನೆಲ ಗುಡಿಸುತ್ತಿದ್ದ ಲಂಗದ ಅಂಚುಗಳನ್ನೇ ನೋಡಿದಳು.

"ಇಷ್ಟುದ್ದದ್ದನ್ನ ಒಗೆಯೋರು ಯಾರೇ?"

"ಅಂಗಡಿಯೋರು, ಅತ್ತೆ."

"ಪಾಪ," ಅಂದಳು ಅಜ್ಜಿ.

ಆ ವೇಷದಲ್ಲೇ ಎಲ್ಲರೂ ಸಂಗ್ರಹಾಲಯಕ್ಕೆ ಹೋದರು. ಬಾಗಿಲ ಕಾವಲಿನವನು ಅಜ್ಜಿಯ ಚೀಲ ಬಿಚ್ಚಿಸಿದ.

"ಇದೇನಜ್ಜಿ ಇಷ್ಟೊಂದು?"

"ಊಟ."

"ಊದುಬತ್ತಿ?"

"ಅದೂ ಊಟಾನೇ. ನಂಗಲ್ಲ."

ಊಟ ಯಾರದೇ ಆಗಲಿ, ಒಳಗೆ ಬಿಡುವ ಹಾಗಿರಲಿಲ್ಲ. ಚೀಲ ಕಾಯಲು ಜಿಯಾನ್‌ಷೆ ಹೊರಗೇ ಉಳಿದ. ಅವನಿಗೆ ಸಿಗರೇಟು ಸೇದಲು ಅದೇ ಬೇಕಾಗಿತ್ತು.

ಮೂರನೇ ಕೋಣೆಯಲ್ಲಿ ಕಲ್ಲು ಸಿಕ್ಕಿತು. ಗಾಜಿನ ಹಿಂದೆ, ಬೆಳಕಿನ ಕೆಳಗೆ, ಒಣಗಿಕೊಂಡು ನಿಂತಿತ್ತು. ಅಜ್ಜಿಗೆ ಒಂದು ಕ್ಷಣ ಗುರುತೇ ಹತ್ತಲಿಲ್ಲ. ಅದನ್ನು ಯಾವತ್ತೂ ನಿಲ್ಲಿಸಿ ನೋಡಿದ್ದವಳಲ್ಲ, ಒಣಗಿದ್ದೂ ನೋಡಿರಲಿಲ್ಲ. ಆಮೇಲೆ ಎಡಮೂಲೆಯ ಸವೆತ ಕಂಡಿತು. ಕೈಮುಗಿದು ಮೂರು ಸಲ ಸೊಂಟ ಬಗ್ಗಿಸಿದಳು.

"ತಾಯೀ, ತಪ್ಪಾಯ್ತಮ್ಮ. ಆಗ ನಂಗೆ ಒಂದಕ್ಷರಾನೂ ಬರ್ತಿರ್ಲಿಲ್ಲ. ಮೂರು ಮಕ್ಕಳ ಬಟ್ಟೆ, ಅತ್ತೆ ಮಾವನ ಹಾಸಿಗೆ, ಆ ಮನುಷ್ಯನ ಕಾಲುಚೀಲ. ತಿಕ್ಕದೆ ಹೋಗ್ತಿರ್ಲಿಲ್ಲ, ನೀನೇ ನೋಡಿದೀಯಲ್ಲ. ನಿನ್ನ ಹೆಸರು ಹೋಗುತ್ತೆ ಅಂತ ಗೊತ್ತಿದ್ರೆ ಬೇರೆ ಕಡೆ ತಿಕ್ತಿದ್ದೆ."

"ಅತ್ತೆ, ಜನ ನೋಡ್ತಿದಾರೆ," ಅಂದಳು ಯೂಚಿನ್, ತುರುಬು ಸರಿಮಾಡಿಕೊಳ್ಳುತ್ತ.

ನೋಡುತ್ತಿದ್ದವರಲ್ಲಿ ಸಂಗ್ರಹಾಲಯದಲ್ಲಿ ವಿವರಣೆ ಕೊಡುವ ಹುಡುಗಿಯೂ ಒಬ್ಬಳು. ಹತ್ತಿರ ಬಂದು ಮೈಕು ಆರಿಸಿದಳು.

"ಅಜ್ಜಿ, ನೀವು ಹೆಸರು ಅಳಿಸಿಲ್ಲ."

"ಮೊಬೈಲಲ್ಲಿ ಹಾಕಿದಾರಲ್ಲಮ್ಮ."

"ಇಲ್ನೋಡಿ. ಇಲ್ಲಿ 'ಈಕೆಯ ಹೆಸರು' ಅಂತ ಕೆತ್ತಿದಾರೆ. ಅದರ ಮುಂದೆ ಎರಡಕ್ಷರದಷ್ಟು ಜಾಗ ಖಾಲಿ. ಬರೆದೋನಿಗೆ ಗೊತ್ತಿರ್ಲಿಲ್ಲ, ಮನೆಯೋರನ್ನ ಕೇಳಿ ತುಂಬೋಣ ಅಂತ ಬಿಟ್ಟಿರ್ಬೇಕು. ಯಾರೂ ಹೇಳ್ಲಿಲ್ಲ. ಹಾಗೇ ಹೂತುಬಿಟ್ರು."

ಅಜ್ಜಿ ಮೂಗನ್ನು ಗಾಜಿಗೆ ಒತ್ತಿದಳು. ಅಕ್ಷರಗಳ ನಡುವೆ ಅಂಗೈಯಗಲದ ನುಣುಪು ಜಾಗ. ಅದನ್ನು ಅವಳು ಬಲ್ಲಳು.

"ಅಲ್ಲಿ ನಾನು ಸೋಪು ಇಡ್ತಿದ್ದೆ," ಅಂದಳು. ಆಮೇಲೆ ಕೇಳಿದಳು, "ಮತ್ತೆ ನಾನು ಅಳಿಸಿದ್ದೇನು?"

"ಆಕೆ ಗಂಡನ ಪದವಿಗಳು. ಆರು ಸಾಲು."

"ಏನೇನು ಪದವಿ?"

"ಯಾರಿಗೆ ಗೊತ್ತಜ್ಜಿ, ನೀವು ಅಳಿಸಿಬಿಟ್ರಲ್ಲ."

"ಹೋಗ್ಲಿ ಬಿಡು."

ಎಂಟು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಅಜ್ಜಿ ಪಕ್ಕದ ಬೆಂಚಿನ ಮೇಲೆ ಕೂತಳು. ಕೂತ ಮೇಲೆ ಸಿಟ್ಟು ಬಂತು.

"ಮಕ್ಕಳಿರ್ಲಿಲ್ವಾ ಅವಳಿಗೆ?"

"ನಾಲ್ಕು ಗಂಡುಮಕ್ಕಳು. ಅವರ ಹೆಸರೆಲ್ಲ ಇದೆ."

"ನಾಲ್ಕು ಹೆತ್ತಿದಾಳೆ! ಒಬ್ಬನಿಗೂ ಅಮ್ಮನ ಹೆಸರು ಗೊತ್ತಿರ್ಲಿಲ್ವಾ? ದರಿದ್ರದವು!"

ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಮಾನ್‌ಮಾನ್ ಅಷ್ಟರಲ್ಲಿ ಗಾಜಿನ ಕೆಳಗಿನ ಚೀಟಿ ಓದಿ ಕುಣಿದಳು. "ಅಜ್ಜೀ, ಇಲ್ಲಿ ತಾತನ ಹೆಸರಿದೆ! ಕೊಡುಗೆ, ದಾಂಗ್ ಫೂಲಾಯ್!"

ದಾಂಗ್ ಫೂಲಾಯ್ ತೀರಿಕೊಂಡು ಹನ್ನೊಂದು ವರ್ಷ. ಕೆಟ್ಟವನಲ್ಲ. ಆ ಕಲ್ಲಿಗೂ ಅವನಿಗೂ ಇದ್ದ ಸಂಬಂಧವೆಂದರೆ ಅದರ ಮೇಲೆ ಕೂತು ಕಾಲುಗುರು ಕತ್ತರಿಸಿಕೊಳ್ಳುತ್ತಿದ್ದುದು.

ವಿವರಣೆಯ ಹುಡುಗಿ ಪುಸ್ತಕ ತೆಗೆದಳು. ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಲು ಮೇಲಿನವರಿಗೆ ಬರೆಯುತ್ತೇನೆ, ಇದರ ಮೇಲೆ ಇಪ್ಪತ್ತೆರಡು ವರ್ಷ ಬಟ್ಟೆ ಒಗೆದವರು ಇಂಥವರು ಅಂತ, ಎಂದಳು. ಹಿರಿಯರ ಹೆಸರನ್ನು ಅವರ ಮುಖಕ್ಕೇ ಕೇಳುವುದು ಮರ್ಯಾದೆಯಲ್ಲ. ಸೊಸೆಯ ಕಡೆ ತಿರುಗಿದಳು.

"ಅಜ್ಜಿ ಹೆಸರೇನು?"

"ಕೌ ಮನೆತನದೋರು," ಅಂದಳು ಯೂಚಿನ್.

ಹುಡುಗಿ ಕೌ ಎಂದು ಬರೆದು, ಪೆನ್ನು ಎತ್ತಿ ಕಾದಳು. "ಆಮೇಲೆ?"

ಯೂಚಿನ್ ಮನೆ ತುಂಬಿ ಹದಿನಾಲ್ಕು ವರ್ಷ. ಬಾಯಿ ತೆರೆದಳು. ಅತ್ತೆ ಅತ್ತೆಯಾಗಿದ್ದರು. ಊರಲ್ಲಿ ಫೂಲಾಯ್ ಮನೆಯೋಳು, ಆಮೇಲೆ ಜಿಯಾನ್‌ಷೆಯ ಅಮ್ಮ. ಅವಳು ಮಗಳ ಕಡೆ ನೋಡಿದಳು.

"ಅಜ್ಜಿ," ಅಂದಳು ಮಾನ್‌ಮಾನ್. ಸ್ವಲ್ಪ ಯೋಚಿಸಿ, "ಅಜ್ಜಿ ಅಂತಾನೇ," ಅಂದಳು.

ಹಣೆಯ ಮೇಲಿನ ಹೂವಿಗಿಂತ ಯೂಚಿನ್ ಮುಖ ಕೆಂಪಾಯಿತು. "ಅವರಿಗೆ ಗೊತ್ತು, ಹೊರಗಿದಾರೆ. ಒಂದ್ನಿಮಿಷ, ಕೇಳ್ಕೊಂಡ್ ಬರ್ತೀನಿ," ಎಂದು ಲಂಗ ಎತ್ತಿಕೊಂಡು ಹೊರಟಳು.

"ನಿಂತ್ಕೋ," ಅಂದಳು ಅಜ್ಜಿ.

ಊರನ್ನು ಸರ್ಕಾರ ತೆಗೆದುಕೊಂಡಾಗ ಹೆಬ್ಬೆಟ್ಟು ನಡೆಯುವುದಿಲ್ಲ ಎಂದಿದ್ದರು. ಅದಕ್ಕೋಸ್ಕರ ಕಲಿತ ತನ್ನ ಹೆಸರಿನ ಮೂರಕ್ಷರ ಅವಳಿಗೆ ಬರುತ್ತಿದ್ದವು. ಪೆನ್ನು ಇಸಿದುಕೊಂಡು, ಕೌ ಆದಮೇಲೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಉಳಿದೆರಡನ್ನು ಬರೆದಳು. ಒತ್ತಿ ಬರೆದದ್ದಕ್ಕೆ ಕೆಳಗಿನ ಹಾಳೆಯಲ್ಲೂ ಮೂಡಿದವು. ಬರೆದು ಮುಗಿಸಿ ಗಾಜಿನ ಹತ್ತಿರ ಹೋದಳು.

"ನಾನು ಕೌ ಸೂಝೆನ್," ಅಂದಳು ಕಲ್ಲಿಗೆ. "ಅಲ್ಲಿಗೆ ಬರ್ತೀನಲ್ಲ, ಬಂದ ತಕ್ಷಣ ಮೊದಲು ನಿನ್ನ ಹೆಸರು ಕೇಳ್ತೀನಿ."