ಉಪ್ಪಿಲ್ಲದ ನಕತಮಾಲ್

ಶನಿವಾರ ಬಾಳೆಲೆಯಲ್ಲಿ ಬೇಯಿಸಿದ ನಕತಮಾಲ್ ಕಡುಬು ಮಾರಿ ಮುಗಿದ ಮೇಲೆ ದೋನ್ಯಾ ಒಬ್ದುಲಿಯಾ ಸೀದಾ ದೋನ್ ಅನ್ಸೆಲ್ಮೊನ ಔಷಧದಂಗಡಿಗೆ ಬಂದು ತೋಳು ಚಾಚಿ ಕೂರುವುದು ವಾಡಿಕೆ. ಅನ್ಸೆಲ್ಮೊ ಬಿಪಿ ಯಂತ್ರದ ಪಟ್ಟಿ ಸುತ್ತಿ, ಗಾಳಿ ಒತ್ತಿ, ಪ್ರತಿ ಸಲವೂ ಮುಖ ಸಿಂಡರಿಸುತ್ತಿದ್ದ.

“ಮತ್ತೆ ಏರಿದೆ! ಉಪ್ಪು ಬಿಡಿ ಅಂತ ಎಷ್ಟು ಬಡ್ಕೊಳ್ಳಲಿ?”

“ಬಿಟ್ಟಿದೀನಲ್ಲ ಮಾರಾಯ್ರೆ! ನೀವೇ ತಿಂದು ನೋಡಿ,” ಎಂದು ಅವಳು ಬಾಳೆಲೆ ಬಿಚ್ಚಿ, ತನಗೆಂದೇ ಬೇರೆ ಬೇಯಿಸಿದ ಹಂದಿಮಾಂಸದ ಕಡುಬಿನಲ್ಲಿ ಅರ್ಧ ಮುರಿದು ಕೊಡುವಳು. ಸಪ್ಪೆ ಎಂದರೆ ಸಪ್ಪೆ. ಆದರೂ ಹೆಂಡತಿ ಕಳೆದುಕೊಂಡ ಅನ್ಸೆಲ್ಮೊ ಎಲೆಗೆ ಅಂಟಿದ್ದನ್ನೂ ಬಿಡದೆ ತಿನ್ನುತ್ತಿದ್ದ.

ಈ ಶನಿವಾರ ಅವನು ಮಗುವೊಂದಕ್ಕೆ ಚುಚ್ಚುಮದ್ದು ಕೊಡುತ್ತಿದ್ದುದರಿಂದ ಮಗಳು ಮಿರೆಯಾ ಬಿಪಿ ನೋಡಿದಳು.

“ಹದಿನೆಂಟರ ಹುಡುಗೀದು ಇದ್ದಹಾಗಿದೆ, ದೋನ್ಯಾ!”

ಅನ್ಸೆಲ್ಮೊ ನಂಬದೆ ಓಡಿಬಂದು, ಮಗಳನ್ನು ಸರಿಸಿ, ತಾನೇ ನೋಡಿದ. ಏರಿತ್ತು.

“ಯಂತ್ರ ಕೆಟ್ಟಿದೆ,” ಎಂದು ಗೊಣಗಿದ.

“ಯಂತ್ರ ಸರಿಯಾಗೇ ಇದೆ ಪಪಾ. ನೀನು ಕೈ ಹಿಡಿದಾಗ ಮಾತ್ರ ಏರತ್ತೆ. ಇಷ್ಟು ದಿನ ಸುಮ್ಮನೆ ಉಪ್ಪನ್ನ ಬೈದೆಯಲ್ಲ!” ಎಂದು ಮಿರೆಯಾ ನಗು ತಡೆಯಲಾರದೆ ಒಳಗೆ ಹೋದಳು.

ಒಬ್ದುಲಿಯಾ ಏಪ್ರನ್ನಿನ ಅಂಚು ತಿರುಚುತ್ತ ನೆಲ ನೋಡಿದಳು. ಪಟ್ಟಿ ಬಿಚ್ಚುವುದನ್ನೇ ಮರೆತು ನಿಂತಿದ್ದ ಅನ್ಸೆಲ್ಮೊ ಗಂಟಲು ಸರಿಮಾಡಿಕೊಂಡ.

“ಮುಂದಿನ ವಾರದಿಂದ ಉಪ್ಪು ಹಾಕಿ.”

“ಮತ್ತೆ ನನ್ನ ಬಿಪಿ?”

“ಅದು ಇಳಿಯೋದು ಬೇಡ ಬಿಡಿ.”